ಗೋಡೆ ಮೇಲಿನ ಸಾಹೇಬರು

ಸೆಪ್ಟೆಂಬರ್ 2, ಸೋಮವಾರ. ಹುಮನಾಬಾದ

ಅವ್ವ ಇವತ್ತು ಮತ್ತೆ ಅಪ್ಪನ ಫೋಟೋದ ಮೇಲೆ ಟವೆಲ್ ಹಾಕಿದ್ದಳು. ಯಾಕೆ ಎಂದು ಕೇಳಿದರೆ, "ಸೀರಿ ಉಡಬೇಕಾಗಿತ್ತಪಾ. ಪರಗಂಡಸಿನ ಮುಂದ ಹ್ಯಾಂಗ ಉಡ್ಲಿ?" ಎಂದಳು.

ಪರಗಂಡಸಂತೆ! ಕಟ್ಟಿಕೊಂಡ ಗಂಡ, ಶಿವನೇ.

ನಿಜ ಹೇಳಬೇಕೆಂದರೆ ತಪ್ಪು ಅವ್ವನದಲ್ಲ. ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡ ದಿನ ಮನೆಯನ್ನೆಲ್ಲ ತಡಕಾಡಿದರೂ ಅವನದೊಂದು ಫೋಟೋ ಸಿಗಲಿಲ್ಲ. ಕ್ಯಾಮೆರಾ ಕಂಡರೆ ಎದ್ದು ಹೋಗುವ ಮನುಷ್ಯ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಹೆಣ್ಣಿನ ಕಡೆಯವರು ಪೂರ್ತಿ ಇದ್ದಾರೆ, ಬಾಜಾದವರೂ ಇದ್ದಾರೆ, ಅಪ್ಪನದು ಬರೀ ಮೊಣಕೈ. ಇನ್ನೊಂದು ಕಡೆ ಅವನ ಟೊಪ್ಪಿಗೆಯ ಹಿಂಭಾಗ. ಮಗನ ಮದುವೆಯಲ್ಲಿ ಒಂದು ಗಳಿಗೆ ನಿಂತಿದ್ದರೆ ಗಂಟು ಹೋಗುತ್ತಿತ್ತೇ? ಕೊನೆಗೆ ಆಧಾರ್ ಕಾರ್ಡ್ ಒಯ್ದು ನಮ್ಮ ಬಟ್ಟೆ ಅಂಗಡಿಯ ಎದುರಿನ ಫೋಟೋ ಸ್ಟುಡಿಯೋದ ಯುನೂಸನ ಕೈಗೆ ಕೊಟ್ಟೆ. ಅವನು ಮುಖ ಬೆಳ್ಳಗೆ ಮಾಡಿ, ಕೆಳಗೆ ಕೋಟು ಟೈ ಅಂಟಿಸಿ, ಹಿಂದೆ ಕೆಂಪು ಪರದೆ ಬಿಟ್ಟು, ಕಟ್ಟು ಹಾಕಿಸಿ ತಂದ. "ಕೋಟು ನನ್ನ ಕಡಿಂದ್ರಿ ಸಾವಕಾರ್ರೆ," ಎಂದು ಕಣ್ಣೊರೆಸಿಕೊಂಡ. ಜೀವನವಿಡೀ ಧೋತರ ಉಟ್ಟ ಅಪ್ಪ ಈಗ ವಿಮಾ ಏಜೆಂಟನ ಹಾಗೆ ನಮ್ಮನ್ನೆಲ್ಲ ದುರುಗುಟ್ಟಿ ನೋಡುತ್ತಾನೆ.

ಮೊದಮೊದಲು ಅವ್ವ ಸುಮ್ಮನಿದ್ದಳು. ಈಗ ಬೆಳಿಗ್ಗೆ ಎದ್ದರೆ, "ಆ ಸಾಹೇಬರು ಯಾರ ಮನಿಯವರೋ, ಚಹಾ ಕುಡಿಸಿ ಕಳಸು," ಎನ್ನುತ್ತಾಳೆ. ಇವತ್ತು ಅದಕ್ಕೂ ಮುಂದೆ ಹೋದಳು. "ವರ್ಷದ ಪುಣ್ಯಸ್ಮರಣಿಗಿ ಈ ಸಾಹೇಬರನ್ನ ಇಟ್ರ ನಾ ಬಂದು ಕುಂಡ್ರಂಗಿಲ್ಲ ನೋಡು. ನೀನೇ ಕುಂಡ್ರು, ನೀನೇ ಹಾರಾ ಹಾಕು. ನನಗ ಅವರ ಪರಿಚಯ ಇಲ್ಲ."

ಹೆಂಡತಿಯೇ ಕೂರದ ಪುಣ್ಯಸ್ಮರಣೆ ಎಲ್ಲಾದರೂ ಉಂಟೇ? ಬಳಗದವರು ಏನೆಂದಾರು? ಬಳಗ ಹಾಳಾಗಲಿ, ನನಗೇ ನೋಡಲಾಗುವುದಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಯುನೂಸನ ಹಳೆಯ ಕ್ಯಾಮೆರಾ ತೆಗೆದುಕೊಂಡೆ. ತೀರ್ಮಾನ ಇಷ್ಟು: ನಮ್ಮ ಮನೆತನದಲ್ಲಿ ಇನ್ನು ಮುಂದೆ ಯಾರೊಬ್ಬರೂ ಯುನೂಸನ ಕೋಟು ಹಾಕಿಕೊಂಡು ಗೋಡೆ ಏರಬಾರದು. ಬದುಕಿರುವಾಗಲೇ ಪ್ರತಿಯೊಬ್ಬರದೂ ಒಂದೊಂದು ಕಪ್ಪು-ಬಿಳುಪು ಫೋಟೋ, ಅವರಿಗೆ ಗೊತ್ತಾಗದಂತೆ, ಇದ್ದದ್ದು ಇದ್ದ ಹಾಗೆ.

ಕಪ್ಪು-ಬಿಳುಪು ಯಾಕೆಂದರೆ, ಬಣ್ಣ ಇದ್ದರೆ ಜನ ಸೀರೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಇಷ್ಟು ವರ್ಷ ಬಟ್ಟೆ ಮಾರಿದವನಿಗೆ ಇದನ್ನು ಮೊಬೈಲಿನ ವಿಡಿಯೋ ನೋಡಿ ಕಲಿಯಬೇಕಾಯಿತು. ಫ್ಲ್ಯಾಶ್ ಹಾಕಬಾರದು. ಕಿಟಕಿಯ ಬೆಳಕು ಒಂದು ಕಡೆಯಿಂದ ಬೀಳಬೇಕು. ಕಣ್ಣಿನ ಮಟ್ಟಕ್ಕೆ ಕುಳಿತು ತೆಗೆಯಬೇಕು. "ರೆಡಿ" ಎನ್ನಲೇಬಾರದು, ಅಂದರೆ ಮನುಷ್ಯ ಕಲ್ಲಾಗುತ್ತಾನೆ.

ಹೆಂಡತಿ ಉಜ್ವಲಾ ಕೇಳಿದಳು, "ಏನ್ರಿ, ಮಾವನೋರ ದುಃಖಕ್ಕ ಹಿಂಗ ಮಾಡಾಕತ್ತೀರೇನು?"

ದುಃಖ ಎಲ್ಲಿಂದ ಬಂತು? ಇದು ವ್ಯವಸ್ಥೆ. ಅಪ್ಪನ ಮಣ್ಣಿಗೆ ಹೋಗಿ ಬಂದ ಮೂರನೇ ದಿನವೇ ಅಂಗಡಿ ತೆಗೆದವನು ನಾನು. ಒಂದು ಹನಿ ಕಣ್ಣೀರು ಹಾಕಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಎಂಥ ಮಂದಿ ಸಿಕ್ಕಿದ್ದಾರಪ್ಪ ನನಗೆ! ಕ್ಯಾಮೆರಾ ಎತ್ತಿದರೆ ಉಜ್ವಲಾ ಸೆರಗು ಸರಿಮಾಡಿ, ಉಸಿರು ಹಿಡಿದು, ಎರಡೂ ಕೈ ತೊಡೆಗೆ ಅಂಟಿಸಿ ನಿಲ್ಲುತ್ತಾಳೆ. ಸಹಜವಾಗಿರು ಎಂದರೆ ಅಳುಮೋರೆ. ಬಾಗಿಲ ಸಂದಿಯಿಂದ ತೆಗೆಯಲು ಹೋದೆ, ಹಾಲಿನವಳು ನೋಡಿ ಓಣಿಗೆಲ್ಲ ಸಾರಿದಳು. ಸಾವಕಾರ ಸ್ವಂತ ಹೆಂಡತಿಯನ್ನೇ ಕದ್ದು ನೋಡುತ್ತಾನಂತೆ.

ಅಕ್ಟೋಬರ್ 1, ಮಂಗಳವಾರ

ಸಿಕ್ಕಿತು! ಉಜ್ವಲಾ ರೊಟ್ಟಿ ಬಡಿಯುತ್ತ ಫೋನಿನಲ್ಲಿ ತನ್ನ ತಮ್ಮನಿಗೆ ಬೈಯುತ್ತಿದ್ದಳು. ಬೈದು ಮುಗಿಸಿ, ಫೋನ್ ಇಟ್ಟು, ಸುಮ್ಮನೆ ಕಿಟಕಿಯ ಕಡೆ ನೋಡಿದಳು. ಹಣೆಯ ಮೇಲೆ ಹಿಟ್ಟು. ನಾನು ನೀರಿನ ಡ್ರಮ್ಮಿನ ಹಿಂದೆ ಕುಳಿತಿದ್ದೆ. ಒತ್ತಿದೆ. ಇಷ್ಟು ವರ್ಷದಲ್ಲಿ ಇಷ್ಟು ಚೆಂದದ ಹೆಂಗಸು ನನ್ನ ಮನೆಯಲ್ಲಿದ್ದಾಳೆಂದು ಯಾರೂ ನನಗೆ ಹೇಳಿರಲಿಲ್ಲ.

ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಮುಖವೇ ಮಾತಾಡಲಿ ಎಂದು ಏನೂ ಬರೆಯಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮೂವರು "ಓಂ ಶಾಂತಿ" ಎಂದು ಕಳಿಸಿದ್ದರು. ಅವಳ ಮುಖದಲ್ಲಿ ಆ ಶಾಂತಿ ಕಂಡಿರಬೇಕು. ಎಷ್ಟೋ ಜನ ಬರೀ ಕೈ ಮುಗಿದಿದ್ದರು. ಹುಮನಾಬಾದಿನಲ್ಲಿ ಕಲೆಗೆ ಇಷ್ಟು ಗೌರವ ಇದೆಯೆಂದು ನನಗೆ ಗೊತ್ತಿರಲಿಲ್ಲ. ಫೋನ್ ಬಂದ್ ಮಾಡಿ ನೆಮ್ಮದಿಯಿಂದ ಮಲಗುತ್ತೇನೆ.

ಅಕ್ಟೋಬರ್ 2, ಬುಧವಾರ

ಕಲೆಯ ಮನೆ ಹಾಳಾಗಲಿ.

ಬೆಳಗಾಗುತ್ತಲೇ ಚಿಟಗುಪ್ಪದಿಂದ ಉಜ್ವಲಾಳ ತವರಿನವರು ಒಂದು ಕ್ರೂಸರ್ ಗಾಡಿ ತುಂಬ ಬಂದಿಳಿದರು. ಮುಂದೆ ಅವಳ ತಮ್ಮ ಅನೀಲಕುಮಾರ, ಎದೆ ಎದೆ ಬಡಿದುಕೊಳ್ಳುತ್ತ. ಗದ್ದಲ ಕೇಳಿ ಉಜ್ವಲಾ ಮಾಳಿಗೆಯಿಂದ ಇಳಿದು ಬಂದಳು. ತಮ್ಮ ಅಳುವುದನ್ನು ಕಂಡು ತವರಿನಲ್ಲೇ ಯಾರೋ ಹೋಗಿದ್ದಾರೆಂದು ತಿಳಿದು ಅವಳೂ ಹೋ ಎಂದು ಶುರು ಮಾಡಿದಳು.

"ಯಾರು ಹೋದ್ರೋ ತಮ್ಮಾ?"

"ಅಕ್ಕಾ ಹೋಗ್ಯಾಳ!" ಎಂದು ಅವನು ಅವಳ ಕೊರಳಿಗೇ ಬಿದ್ದು ಅತ್ತ.

"ಅಯ್ಯ, ಯಾವ ಅಕ್ಕ?"

"ನೀನೇ!"

ಇಬ್ಬರೂ ಅಪ್ಪಿಕೊಂಡು ಇನ್ನಷ್ಟು ಅತ್ತರು. ಗಾಡಿಯಿಂದ ಇಳಿದವರೆಲ್ಲ ಸೇರಿಕೊಂಡರು. ಸುಮಾರು ಹೊತ್ತಾದ ಮೇಲೆ ಉಜ್ವಲಾಳಿಗೇ ಅನುಮಾನ ಬಂದು, "ತಡಿ, ನಾ ಇಲ್ಲೇ ಅದೀನಲ್ಲ," ಎಂದಳು.

ನಮ್ಮ ಕಡೆ ಚೌಕದಲ್ಲಿ ಕಪ್ಪು-ಬಿಳುಪು ಮುಖದ ಬ್ಯಾನರ್ ಬಿತ್ತೆಂದರೆ ಆ ಮನುಷ್ಯ ಹೋದನೆಂದೇ ಲೆಕ್ಕ. ಫೋನಿಗೂ ಅದೇ ರೂಢಿ. ನನಗೆ ಹೊಳೆಯಲಿಲ್ಲ, ಅಷ್ಟೇ. ನಾನು ಫೋನ್ ಬೇರೆ ಬಂದ್ ಮಾಡಿದ್ದೆ.

"ಮಾಮಾ, ನಾ ದಾರಿತನಕಾ ಅಕೀನ ನೆನಸಿ ನೆನಸಿ ಅತ್ತೀನಿ, ಅದಕ್ಕೇನು ಮಾಡ್ತೀರಿ?" ಎಂದು ಅನೀಲಕುಮಾರ ನನ್ನ ಮೇಲೆ ಏರಿ ಬಂದ. ಅವರಿಗೆಲ್ಲ ಉಜ್ವಲಾ ತಾನೇ ರೊಟ್ಟಿ ಬಡಿದು ಉಣಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಡಬ್ಬಿ ಇನ್ನೊಮ್ಮಿ ನನ್ನ ಕಡಿ ತಿರುಗಿಸಿದ್ರ ನೋಡ್ರಿ, ಖರೇನ ನಿಮ್ಮ ಓಂ ಶಾಂತಿ ಮಾಡ್ತೀನಿ," ಎಂದಳು.

ಅಕ್ಟೋಬರ್ 13, ಭಾನುವಾರ. ಬಸವಕಲ್ಯಾಣ

ದಸರೆಯ ಬನ್ನಿ ಕೊಡಲು ನಾಗನಾಥ ಕಾಕಾನ ಮನೆಗೆ ಬಂದೆ. ಕಾಕಾ ಅಂದರೆ ಅಪ್ಪನ ತಮ್ಮ. ಮುಡಬಿಯ ಹೊಲ ಮಕ್ಕಳಿಗೆ ಬಿಟ್ಟು ಈಗ ಇಲ್ಲಿ ತ್ರಿಪುರಾಂತದ ಕಡೆ ಇದ್ದಾನೆ. ಬಾಯಿ ದೊಡ್ಡದು. ಅವನು ಪಿಸುಗುಟ್ಟಿದರೆ ಮೂರು ಮನೆಗೆ ಕೇಳುತ್ತದೆ.

ಸಂಜೆ ಅವನು ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ. ಬಾಗಿಲಿನಿಂದ ಬೆಳಕು ಅರ್ಧ ಮುಖಕ್ಕೆ ಬಿದ್ದಿತ್ತು. ಅದೇ ಮೂಗು, ಅದೇ ಗಲ್ಲದ ಗುಳಿ. ಮೀಸೆ ಒಂದಿಷ್ಟು ಕೆಳಗೆ ಇಳಿಸಿ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟರೆ ಸಾಕ್ಷಾತ್ ಅಪ್ಪ.

ಉಪಾಯ ಹೊಳೆಯಿತು. ಕಾಕಾನ ಫೋಟೋ ತೆಗೆದು ಅಪ್ಪನದೆಂದು ಇಟ್ಟರೆ? ಅವ್ವನ ಕಣ್ಣಿಗೆ ಪೊರೆ ಬೇರೆ ಬಂದಿದೆ. ಬಣ್ಣವಿದ್ದರೆ ಗೊತ್ತಾದೀತು, ಕಾಕಾ ಅಪ್ಪನಿಗಿಂತ ಕೆಂಪಗೆ. ಕಪ್ಪು-ಬಿಳುಪಿನಲ್ಲಿ ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ!

ನವೆಂಬರ್ 10, ಭಾನುವಾರ. ಬಸವಕಲ್ಯಾಣ

ಇದು ನಾಲ್ಕನೇ ಸಲ ಬರುತ್ತಿರುವುದು. ಕಾಕಾನಿಗೆ ಅನುಮಾನ ಬರಲಿಲ್ಲ, ಉತ್ಸಾಹ ಬಂತು. ಅದು ಇನ್ನೂ ಕೆಟ್ಟದ್ದು. ನಾನು ಬರುವ ಹೊತ್ತಿಗೆ ಮೀಸೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿರುತ್ತಾನೆ.

"ಕಾಕಾ, ನಾ ಇಲ್ಲೇ ಇಲ್ಲ ಅಂತ ತಿಳ್ಕೊಂಡು ನಿಮ್ಮ ಕೆಲಸಾ ನೀವು ಮಾಡ್ರಿ."

"ಆತು, ನೀ ಇಲ್ಲೇ ಇಲ್ಲ," ಎಂದು ಪೇಪರ್ ತಲೆಕೆಳಗಾಗಿ ಹಿಡಿದು, ಪಕ್ಕದ ಮನೆಯವರಿಗೆ, "ಸದ್ದ ಮಾಡಬ್ಯಾಡ್ರಿ, ನಾ ಸಹಜ ಇರಾಕತ್ತೇನಿ!" ಎಂದು ಕೂಗಿದ.

ಎಲ್ಲ ಫೋಟೋದಲ್ಲೂ ಚುನಾವಣೆಗೆ ನಿಂತವನ ಹಾಗೆ ಬಂದಿದ್ದಾನೆ. ಅಪ್ಪ ಎಲ್ಲೂ ಇಲ್ಲ.

ನವೆಂಬರ್ 20, ಬುಧವಾರ

ಬ್ಲೌಸ್ ಪೀಸ್ ಕತ್ತರಿಸುವಾಗ ಗಿರಾಕಿಯ ಮುಖ ನೋಡುತ್ತ ಕತ್ತರಿಸಿ ಒಂದು ಇಡೀ ಸೀರೆ ಹಾಳು ಮಾಡಿದೆ. ಉಜ್ವಲಾ ಊಟ ಯಾಕೆ ಬಿಟ್ಟಿದ್ದೀರಿ ಎಂದು ಪೀಡಿಸುತ್ತಾಳೆ. ಬಿಟ್ಟಿಲ್ಲ. ಹಸಿವಿಲ್ಲ.

ಡಿಸೆಂಬರ್ 1, ಭಾನುವಾರ. ಬಸವಕಲ್ಯಾಣ

ಅಪ್ಪನ ಟೊಪ್ಪಿಗೆ ತಂದೆ. ಕಾಕಾ ಅದನ್ನು ಹಾಕಿಕೊಳ್ಳಲಿ ಎಂಬ ಲೆಕ್ಕಾಚಾರ ಅಷ್ಟೇ. "ಅಪ್ಪಂದು, ನಿಮ್ಮ ಕಡಿ ಇರ್ಲಿ ಅಂತ ತಂದೀನ್ರಿ," ಎಂದು ಸುಳ್ಳು ಹೇಳಿದೆ.

ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಕಿಕೊಳ್ಳಲಿಲ್ಲ. ಮಾತೂ ಆಡಲಿಲ್ಲ. ಕಾಕಾ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು. ಆಮೇಲೆ ಮೆಲ್ಲಗೆ ತಲೆಗಿಟ್ಟುಕೊಂಡು ಹೇಳಿದ:

"ಇಬ್ರೂ ಒಂದೇ ವರ್ಗದಾಗ ಇದ್ವಿ. ನಾ ನಾಕನೇತ್ತಾದಾಗ ಫೇಲ್ ಆದೆ. ಅಣ್ಣಾ ಪಾಸ್ ಆಗಿ ಮುಂದ ಹೋಗಿದ್ದ. ಸಾಲಿ ಶುರುವಾದ ದಿನ ನೋಡ್ತೀನಿ, ನನ್ನ ಬಾಜೂಕ ಬಂದು ಕುಂತಾನ. ಮಾಸ್ತರು ಹೊಡದು ಆ ವರ್ಗಕ್ಕ ಕಳಸಿದ್ರು, ಮತ್ತ ಬಂದು ಕುಂತ. ಮತ್ತ ಹೊಡದ್ರು, ಮತ್ತ ಬಂದ. 'ನಾಗ್ಯಾಗ ಒಬ್ಬಂವಗ ಅಂಜಿಕಿ ಬರ್ತದ್ರಿ,' ಅಂದ. ತಿಂಗಳಗಟ್ಲೆ ಹಂಗೇ ಕುಂತ. ಕಡೀಕ ಮಾಸ್ತರೇ ಸೋತು ಅವನ ಹೆಸರು ನಮ್ಮ ವರ್ಗದಾಗ ಬರಕೊಂಡ್ರು."

ಅವನು ನನ್ನನ್ನೂ ಕ್ಯಾಮೆರಾವನ್ನೂ ಮರೆತಿದ್ದ. ಬೆಳಕು ಸರಿಯಾಗಿತ್ತು. ಒತ್ತಿದೆ. ಮೂರು ತೆಗೆದೆ. ನಾಲ್ಕನೆಯದಕ್ಕೆ ಕ್ಯಾಮೆರಾದ ಕಿಂಡಿಯೊಳಗೆ ಎಲ್ಲ ಮಂಜು ಮಂಜಾಯಿತು. ಲೆನ್ಸ್ ಒರೆಸಿದೆ, ಹೋಗಲಿಲ್ಲ. ಅಂಗಿಯಿಂದ ಕಿಂಡಿ ಒರೆಸಿದೆ, ಆಗಲೂ ಹೋಗಲಿಲ್ಲ. ಹಳೆಯ ಕ್ಯಾಮೆರಾ ಕೊಳ್ಳುವುದೇ ತಪ್ಪು.

ಅಪ್ಪ ಇದನ್ನು ನನಗೆ ಒಮ್ಮೆಯೂ ಹೇಳಲಿಲ್ಲ. ಹೊಡೆತ ತಿಂದು ತಮ್ಮನ ಪಕ್ಕದಲ್ಲಿ ಕೂರಲು ಬರುತ್ತಿತ್ತು, ಮಗನ ಪಕ್ಕದಲ್ಲಿ ಒಂದು ಫೋಟೋಕ್ಕೆ ನಿಲ್ಲಲು ಬರಲಿಲ್ಲ.

ಡಿಸೆಂಬರ್ 2, ಸೋಮವಾರ

ಯುನೂಸನಿಗೆ ಕ್ಯಾಮೆರಾ ತೋರಿಸಿದೆ. ಬಿಚ್ಚಿ ನೋಡಿ, "ಇದರಾಗ ಮಂಜು ಗಿಂಜು ಏನಿಲ್ರಿ, ಸಾಫ್ ಅದ," ಎಂದ. ಅವನಿಗೆ ಕೆಲಸ ಬರುವುದಿಲ್ಲ.

ಡಿಸೆಂಬರ್ 8, ಭಾನುವಾರ

ಗೆದ್ದೆ! ಯುನೂಸ ಮೀಸೆಯನ್ನು ಒಂದಿಷ್ಟು ಇಳಿಸಿ ದೊಡ್ಡದು ಮಾಡಿ ಕೊಟ್ಟ. ಒಯ್ದು ಅವ್ವನ ಕೈಯಲ್ಲಿಟ್ಟು, "ಅಪ್ಪಂದು ಹಳೇದೊಂದು ಫೋಟೋ ಸಿಕ್ಕದ ಅವ್ವಾ," ಎಂದೆ.

ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಫೋಟೋ ಬಿಟ್ಟು ನನ್ನನ್ನು ನೋಡಿದಳು. "ಹೌದೋ ಸಂಜು. ಇವರೇ," ಎಂದಳು. "ನೀ ಉಂಡಿಯೇನು?"

ಅವಳೇ ತಾಟು ಹಚ್ಚಿಕೊಟ್ಟಳು. ನಾಲ್ಕು ರೊಟ್ಟಿ ಉಂಡೆ, ಮೇಲೆ ಅನ್ನ. ಸಾಹೇಬರನ್ನು ಗೋಡೆಯಿಂದ ಇಳಿಸಿ ಕೋಟು ಸಮೇತ ಯುನೂಸನಿಗೆ ವಾಪಸ್ ಕೊಟ್ಟೆ.

ಜನವರಿ 19, ಭಾನುವಾರ

ಈಗ ಒಂದೇ ತೊಡಕು. ಪುಣ್ಯಸ್ಮರಣೆಗೆ ಕಾಕಾನನ್ನು ಕರೆಯದೆ ಇರುವ ಹಾಗಿಲ್ಲ, ಕರೆದರೆ ಅವನು ತನ್ನ ಫೋಟೋಕ್ಕೆ ತಾನೇ ಕೈ ಮುಗಿಯಬೇಕು. ಬೆಳಿಗ್ಗೆ ಕಾರ್ಯ ಇಟ್ಟುಕೊಂಡು, ಕಾಕಾನಿಗೆ ಮಾತ್ರ ಸಂಜೆ ಎಂದು ಹೇಳಿದ್ದೇನೆ. ಅವನು ಬರುವಷ್ಟರಲ್ಲಿ ಫೋಟೋ ಬೀರುವಿನಲ್ಲಿರುತ್ತದೆ.

ನನ್ನ ತಲೆಗೆ ನಾನೇ ಶಭಾಷ್ ಅನ್ನಬೇಕು.

ಫೆಬ್ರವರಿ 2, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಪಡಸಾಲೆಯಲ್ಲಿ ಮಣೆ ಇಟ್ಟು, ಅದರ ಮೇಲೆ ಫೋಟೋ ಇಟ್ಟು, ಹಾರ ಹಾಕಿ, ವಿಭೂತಿ ಹಚ್ಚಿ, ಊದಿನಕಡ್ಡಿ ಹಚ್ಚಿದ್ದೆವು. ಒಳಗೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಪೂಜೆ ಮಾಡಿಸಲು ಬಂದ ಅಯ್ಯನವರು ಕೈಕಾಲು ತೊಳೆಯಲು ಹೋಗಿದ್ದರು. ಆಗ ನಿರ್ಣಾದಿಂದ ಗಯಾಬಾಯಿ ಅತ್ತೆ ಬಂದಳು. ಅಪ್ಪ ಮತ್ತು ಕಾಕಾನ ಅಕ್ಕ, ಇಬ್ಬರನ್ನೂ ಎತ್ತಿ ಆಡಿಸಿದವಳು. ಅವಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅತ್ತೆ ಕೋಲೂರಿ ಮಣೆಯ ಹತ್ತಿರ ಹೋದಳು, ಬಾಗಿದಳು, ನೋಡಿದಳು. ಕೋಲು ಕೆಳಗೆ ಬಿತ್ತು.

"ಅಯ್ಯಯ್ಯೋ ನಾಗ್ಯಾ! ನೀನೂ ಹೋದೇನೋ! ನನಗ ಯಾರೂ ಹೇಳ್ಲೇ ಇಲ್ಲಲ್ಲೋ!"

ಬಳಗ ಪೂರ್ತಿ ಎದ್ದು ನಿಂತಿತು. ಒಳಗಿನಿಂದ ಹೆಂಗಸರು ಓಡಿ ಬಂದರು. ಚಿಟಗುಪ್ಪದ ಅನೀಲಕುಮಾರ ಏನೂ ಕೇಳದೆ ಎದೆ ಬಡಿದುಕೊಳ್ಳಲು ಶುರು ಮಾಡಿದ. ಆಗ ಹೊರಗಿನಿಂದ ಮೂರು ಮನೆಗೆ ಕೇಳುವ ದನಿ ಬಂತು.

"ಎಲ್ಲಿ ಹೋಗೀನಿ? ಚಪ್ಪಲಿ ಬಿಡಾಕತ್ತೇನಿ!"

ಅಣ್ಣನ ಕಾರ್ಯಕ್ಕೆ ಸಂಜೆತನಕ ಕಾಯಲು ಮನಸ್ಸಾಗಲಿಲ್ಲವಂತೆ, ಮುಂಜಾನೆಯ ಮೊದಲ ಬಸ್ಸು ಹತ್ತಿದ್ದಾನೆ. ತಲೆಯ ಮೇಲೆ ಅಪ್ಪನ ಟೊಪ್ಪಿಗೆ. ಒಳಗೆ ಬಂದವನು ಫೋಟೋ ನೋಡಿದ, ಹಾರ ನೋಡಿದ, ಹೊಗೆಯಾಡುವ ಊದಿನಕಡ್ಡಿ ನೋಡಿದ. ಗಯಾಬಾಯಿ ಅತ್ತೆ ಒಮ್ಮೆ ಅವನನ್ನು, ಒಮ್ಮೆ ಫೋಟೋವನ್ನು ನೋಡಿ ಕಿಟಾರನೆ ಕಿರುಚಿದಳು.

"ಸಂಜ್ಯಾ!" ಎಂದು ಕಾಕಾ ಗುಡುಗಿದ. "ನಾ ಏನು ತಪ್ಪ ಮಾಡೀನೋ ನಿನಗ? ಉಸರಾಡೋ ಮನುಷ್ಯಾಗ ಹಾರಾ ಹಾಕೀಯಲ್ಲೋ! ಇದಕ್ಕೇನು ಟೊಪ್ಪಿಗಿ ಕೊಟ್ಟು ಕುಂಡ್ರಿಸಿದ್ದು?"

ನಾನು ಫೋಟೋಕ್ಕೆ ಅಡ್ಡ ನಿಂತೆ. "ಅವ್ವಗ... ಅವ್ವಗ ಗೊತ್ತಾಗಬಾರದಂತ ಕಾಕಾ..."

"ಏನು ಗೊತ್ತಾಗಬಾರದು?" ಎಂದು ಹಿಂದಿನಿಂದ ಅವ್ವ ಕೇಳಿದಳು. "ಮೈದುನನ್ನ ಗುರ್ತ ಹಿಡೀಲಾರದಷ್ಟು ಕಣ್ಣು ಹೋಗ್ಯಾವೇನು ನಂದು? ಕೈಯಾಗ ಹಿಡದ ಕೂಡ್ಲೇ ಗೊತ್ತಾತು ನಾಗನಾಥ ಅಂತ."

"ಮತ್ತ ಇವರೇ ಅಂದೆಲ್ಲ!"

"ಅಂದೆ. ನೀ ಅನ್ನಾ ಬಿಟ್ಟು ಆ ಡಬ್ಬಿ ಹಿಡಕೊಂಡು ಹುಚ್ಚರಂಗ ತಿರಗಾಕತ್ತಿದ್ದಿ. ಗಂಡನ್ನ ಕಳಕೊಂಡೀನಿ, ಮಗನ್ನೂ ಕಳಕೊಳ್ಳಲೇನು? ಹೌದಂದೆ, ನೀ ಕುಂತು ಉಂಡಿ. ಆತಲ್ಲ."

ಅಷ್ಟು ಜನರ ನಡುವೆ ನನಗೆ ಅಳು ಬಂತು. ಅಪ್ಪ ಬೇಕು ಅನ್ನಿಸಿತು, ಸಣ್ಣ ಹುಡುಗನ ಹಾಗೆ. ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಸಿಟ್ಟಿನಲ್ಲಿದ್ದ ಕಾಕಾನಿಗೆ ಏನು ಮಾಡಬೇಕೋ ತಿಳಿಯದೆ ನನ್ನ ಬೆನ್ನಿಗೆ ಪಟಪಟನೆ ಹೊಡೆದ. ಆಮೇಲೆ ಫೋಟೋ ಎತ್ತಿ ಹಾರ ತೆಗೆದು, ಒಂದಿಷ್ಟು ದೂರ ಹಿಡಿದು ನೋಡಿದ.

"ಚಲೋ ಬಂದದ ಬಿಡು," ಎಂದು ಅವ್ವನ ಕಡೆ ತಿರುಗಿದ. "ಖರೇನೂ ನಾ ಇಷ್ಟು ಚಂದ ಅದೀನೇನು ವೈನಿ? ಇದು ನನ್ನ ಮನಿಗಿ. ಹಾರಾ ಮಾತ್ರ ನೀವೇ ಇಟ್ಕೋರಿ."

ಅವ್ವನ ಮುಖ ಮೊದಲು ಬಿಗಿಯಿತು. ಆಮೇಲೆ ಭುಜ ಕುಲುಕಿತು. ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ, ಕೆಳಗೇ ಕುಳಿತು ಹೊಟ್ಟೆ ಹಿಡಿದು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಳುತ್ತಲೇ ಗೂಟಕ್ಕಿದ್ದ ಕ್ಯಾಮೆರಾ ತೆಗೆದು ಒತ್ತಿದೆ. ಬೆಳಕು ಯಾವ ಕಡೆಯಿಂದ ಬಿತ್ತೋ ನೋಡಲಿಲ್ಲ.

ಅಯ್ಯನವರು ಒಳಬಂದು, ಖಾಲಿ ಮಣೆ ನೋಡಿ, "ಫೋಟೋ ಎಲ್ಲಿ?" ಎಂದು ಕೇಳಿದರು.

ಅವ್ವ ಕಣ್ಣೊರೆಸಿಕೊಂಡು ಮಣೆಯ ಮುಂದೆ ಬಂದು ಕುಳಿತಳು. "ಅವರಿಗಿ ಫೋಟೋಕ್ಕ ನಿಂದ್ರೋ ರೂಢಿ ಇಲ್ರಿ. ಇಲ್ಲೇ ಎಲ್ಲೋ ಬಾಜೂಕ ಸರದಿರ್ತಾರ. ನೀವು ಶುರು ಮಾಡ್ರಿ."

ಫೆಬ್ರವರಿ 4, ಮಂಗಳವಾರ

ನಿನ್ನೆ ಅವ್ವನಿಗೆ ಆ ಫೋಟೋ ಕ್ಯಾಮೆರಾದಲ್ಲೇ ತೋರಿಸಿದೆ. ಇಷ್ಟು ದಿನ ಕಲಿತದ್ದಕ್ಕೆಲ್ಲ ವಿರುದ್ಧ ಇದೆ. ಸೊಟ್ಟ, ಸ್ವಲ್ಪ ಅಲುಗಾಡಿದೆ, ಕಣ್ಣು ಮುಚ್ಚಿವೆ, ಮುಂದಿನ ಎರಡು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದಿದೆ. ಆದರೂ ನಾನು ತೆಗೆದದ್ದರಲ್ಲಿ ಇಂಥದ್ದು ಇನ್ನೊಂದಿಲ್ಲ.

"ಭಾಳ ಚಂದ ಬಂದದೋ," ಎಂದಳು ಅವ್ವ. "ಇದನ್ನ ಎತ್ತಿಡು. ನನ್ನ ಟೈಮಿಗೆ ನಿನಗ ಹುಡುಕೋ ತಾಪತ್ರಯ ಇಲ್ಲ."

ನಾನು ಶುರು ಮಾಡಿದ್ದೇ ಇದಕ್ಕೆ. ಅವ್ವನೂ ಒಪ್ಪಿದಳು, ಫೋಟೋವೂ ಸಿಕ್ಕಿತು. ಆದರೂ ಅವಳು ಹಾಗೆ ಅಂದಾಗ ಮೈಯೆಲ್ಲ ಉರಿದು, "ಸುಮ್ಮ ಕುಂಡ್ರು ಅವ್ವಾ, ಏನೇನೋ ಮಾತಾಡಬ್ಯಾಡ," ಎಂದು ಗದರಿದೆ. ರಾತ್ರಿ ನಿದ್ದೆ ಬರಲಿಲ್ಲ.

ಇವತ್ತು ಅಂಗಡಿ ತೆಗೆಯುವ ಮೊದಲೇ ಯುನೂಸನ ಹತ್ತಿರ ಹೋದೆ. ಅವನು ನೋಡಿ ನಕ್ಕು, "ಸುಭಾನಲ್ಲಾ, ಅಮ್ಮಾಜಿ ಹ್ಯಾಂಗ ನಗಾಕತ್ತಾರ ನೋಡ್ರಿ! ಬ್ಲಾಕ್ ಅಂಡ್ ವೈಟ್‌ದಾಗೇ ತೆಗೀಲೇನ್ರಿ, ದೊಡ್ಡದು?" ಎಂದ.

"ಬ್ಯಾಡ," ಎಂದೆ. "ಕಲರ್ ಮಾಡು."

"ನೀವು ತೆಗದದ್ದೇ ಕಪ್ಪು-ಬಿಳುಪಿನಾಗಲ್ರಿ."

"ಏನರ ಮಾಡು ಯುನೂಸ್. ನಮ್ಮವ್ವಂದು ಕಲರ್ ಬೇಕು."

ಅವನು ನನ್ನ ಮುಖ ನೋಡಿ ಕಂಪ್ಯೂಟರಿನ ಮುಂದೆ ಕುಳಿತ. ಕಾರ್ಡ್ ಹಾಕಿ, ಬಹಳ ಹೊತ್ತು ಒಳಗೆಲ್ಲ ಹುಡುಕಿ, ಕೊನೆಗೆ, "ಅದಾವ್ರಿ ಸಾವಕಾರ್ರೆ, ಕ್ಯಾಮೆರಾ ತೋರಸೂದಷ್ಟೇ ಕಪ್ಪು-ಬಿಳುಪು. ಬಣ್ಣ ಎಲ್ಲೂ ಹೋಗಿಲ್ಲ, ಒಳಗೇ ಅದಾವ," ಎಂದ. ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಅವ್ವನಿಗೆ ನಿಧಾನವಾಗಿ ಬಣ್ಣ ಬಂತು.